‘ಸ್ವಲ್ಪ ಬಿಡಿಸಿ ಹೇಳ್ರಿ’: ಪೋರ್ಚುಗೀಸಿನಲ್ಲಿ ವಿವರಣೆ ಕೇಳೋದು, ಬಳ್ಳಾರಿಯಲ್ಲಿ ಉತ್ತರ ಪಡೆಯೋದು

ಹೊಸ ಭಾಷೆ ಕಲಿಸೋ ಪುಸ್ತಕಗಳು ಮೊದಲ ಪಾಠದಲ್ಲಿ ನಮಸ್ಕಾರ, ಹೆಸರು, ಊರು, ಊಟ ಹೇಳಿಕೊಡುತ್ತವೆ. ಆದರೆ ಮೊದಲ ದಿನವೇ ಬೇಕಾಗೋ ವಾಕ್ಯ ಬೇರೆ: “ನನಗೆ ತಿಳೀಲಿಲ್ಲ, ಸ್ವಲ್ಪ ಬಿಡಿಸಿ ಹೇಳಿ.” ಈ ಒಂದು ವಾಕ್ಯ ಗೊತ್ತಿದ್ದರೆ ಉಳಿದದ್ದನ್ನು ಕೇಳಿ ಕೇಳಿಯೇ ಕಲಿಯಬಹುದು. ಗೊತ್ತಿಲ್ಲದಿದ್ದರೆ ಎದುರಿನವರು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸಿ ಬರಬೇಕು.

ನಾನು ಬಳ್ಳಾರಿಯಲ್ಲಿ ಕೂತು ಪೋರ್ಚುಗೀಸ್ ಕಲಿಯುತ್ತಿದ್ದೇನೆ. “ಅದ್ಯಾಕ್ಲೇ?” ಅಂತ ಗೆಳೆಯರು ನಗುತ್ತಾರೆ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ. ಈ ಬರಹದ ಕೆಲಸ ಎರಡು. ಒಂದು, ಪೋರ್ಚುಗೀಸಿನಲ್ಲಿ ವಿನಯದಿಂದ ವಿವರಣೆ ಕೇಳೋದು ಹೇಗೆ ಅಂತ ತಿಳಿಸೋದು. ಎರಡು, ಅದೇ ಪ್ರಶ್ನೆಯನ್ನು ನಮ್ಮೂರಿನ ಕಚೇರಿ, ಸಭೆ, ಕೌಂಟರುಗಳ ಮುಂದೆ ಹೇಗೆ ಕೇಳಬೇಕು, ಕೇಳಿದರೆ ಉತ್ತರ ಕೊಡಲೇಬೇಕು ಅಂತ ಕಾನೂನು ಎಲ್ಲೆಲ್ಲಿ ಹೇಳುತ್ತದೆ ಅನ್ನೋದನ್ನು ಒಂದೆಡೆ ಇಡೋದು. ಎರಡಕ್ಕೂ ನನ್ನ ವಾದ ಒಂದೇ: ವಿನಯ ಬೇರೆ, ಬೇಡೋದು ಬೇರೆ.

ಈ ಭಾಷೆಗೂ ನಮಗೂ ಏನು ಸಂಬಂಧ?

ವಿಜಯನಗರವನ್ನು ಕಣ್ಣಾರೆ ಕಂಡು ವಿವರವಾಗಿ ಬರೆದವರಲ್ಲಿ ಇಬ್ಬರ ಹೆಸರು ಎಲ್ಲರೂ ಶಾಲೆಯಲ್ಲಿ ಓದಿರುತ್ತೀರಿ: ಡೊಮಿಂಗೊ ಪಾಯಿಸ್, ಫರ್ನಾವೊ ನೂನಿಜ್. ಪಾಯಿಸ್ ಬಂದದ್ದು 1520ರ ಸುಮಾರಿಗೆ. ಕುದುರೆ ವ್ಯಾಪಾರಿ ನೂನಿಜ್ ಅದಾದ ಒಂದೂವರೆ ದಶಕದ ನಂತರ, ಅಚ್ಯುತರಾಯನ ಕಾಲದಲ್ಲಿ ಇಲ್ಲಿದ್ದ. ಇಬ್ಬರೂ ಬರೆದದ್ದು ಪೋರ್ಚುಗೀಸಿನಲ್ಲಿ. ಅವರ ಬರಹ ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಹಸ್ತಪ್ರತಿಯಾಗಿ ಉಳಿದಿತ್ತು. ಡೇವಿಡ್ ಲೋಪೆಸ್ ಅನ್ನೋ ವಿದ್ವಾಂಸ 1897ರಲ್ಲಿ ಲಿಸ್ಬನ್ನಿನಲ್ಲಿ ಅದನ್ನು ಅಚ್ಚು ಹಾಕಿಸಿದ. 1900ರಲ್ಲಿ ರಾಬರ್ಟ್ ಸೆವೆಲ್ ಅದನ್ನು ಇಂಗ್ಲಿಷಿಗೆ ತಂದು ‘ಎ ಫರ್ಗಾಟನ್ ಎಂಪೈರ್’ ಪುಸ್ತಕದಲ್ಲಿ ಸೇರಿಸಿದ. ಈ ಸೆವೆಲ್ ಮದ್ರಾಸ್ ಪ್ರಾಂತ್ಯದ ಅಧಿಕಾರಿ, ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದವನು.

ಅಂದರೆ 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗೋ ತನಕ ನಮ್ಮದೇ ಜಿಲ್ಲೆಯಲ್ಲಿದ್ದ ಹಂಪಿಯ ಬಗ್ಗೆ ನಮಗೆ ಗೊತ್ತಿರೋ ಎಷ್ಟೋ ಸಂಗತಿ ಪೋರ್ಚುಗೀಸಿನಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೀಗೆ ಎರಡು ಕೈ ದಾಟಿ ಬಂದದ್ದು. ಮೂಲದಲ್ಲಿ ಏನಿದೆ ಅಂತ ನೋಡೋ ಆಸೆಗೆ ನಾನು ಈ ಭಾಷೆ ಹಿಡಿದೆ.

ಇನ್ನೊಂದು ಸಂಬಂಧವೂ ಇದೆ. ಯಾವುದಾದರೂ ಸರ್ಕಾರಿ ಕಚೇರಿ ನೆನಪಿಸಿಕೊಳ್ಳಿ. ಅಲ್ಲಿನ ಕಡತ ಇರೋದು ಅಲಮಾರಿನಲ್ಲಿ. ಅಲಮಾರಿಗೆ ಚಾವಿ ಇದೆ. ಚಾವಿ ಇಟ್ಟುಕೊಂಡವರಿಗೆ ಪಗಾರ ಇದೆ. ಅಲಮಾರು, ಚಾವಿ, ಪಗಾರ ಮೂರೂ ಪೋರ್ಚುಗೀಸ್ ಮೂಲದ ಪದಗಳು. ಕಡತ ಮುಚ್ಚಿಡೋ ಸಾಮಾನೆಲ್ಲ ಆ ಭಾಷೆಯಿಂದ ಬಂತು. ತೆರೆದು ತೋರಿಸಿ ಅಂತ ಕೇಳೋ ಮಾತನ್ನೂ ಅಲ್ಲಿಂದ ತಂದುಕೊಳ್ಳೋಣ.

ಪೋರ್ಚುಗೀಸಿನಲ್ಲಿ ಹೇಗೆ ಕೇಳಬೇಕು

ಮೊದಲು ಕ್ಷಮೆ ಕೇಳೋ ಪದ: “ದೆಸ್ಕುಲ್ಪೆ.” ನಮ್ಮ “ತಪ್ಪು ತಿಳ್ಕೋಬ್ಯಾಡ್ರಿ” ಇದ್ದ ಹಾಗೆ. ಮಾತಿನ ನಡುವೆ ತಡೆಯುವಾಗ ಇದರಿಂದ ಶುರು ಮಾಡಿದರೆ ಸಾಕು.

ಆಮೇಲೆ, ತಿಳೀಲಿಲ್ಲ ಅನ್ನೋದು. ಪೋರ್ಚುಗಲ್ಲಿನಲ್ಲಿ “ನಾಂವ್ ಪೆರ್ಸೆಬಿ” ಅನ್ನುತ್ತಾರೆ, ಬ್ರೆಜಿಲ್ಲಿನಲ್ಲಿ “ನಾಂವ್ ಎಂತೆಂದಿ.” ಬ್ರೆಜಿಲ್ಲಿನವರ ಮುಂದೆ ಮೊದಲನೆಯದನ್ನು ಹೇಳಿದರೆ “ನಾನು ಗಮನಿಸಲಿಲ್ಲ” ಅನ್ನೋ ಅರ್ಥ ಬರುತ್ತದೆ. ಧಾರವಾಡದ ಮಾತು ಮೈಸೂರಿನಲ್ಲಿ ಬೇರೆ ಅರ್ಥ ಕೊಟ್ಟ ಹಾಗೆ.

ಈಗ ಮುಖ್ಯ ವಾಕ್ಯ: “ಪೊದೀಯಾ ಎಸ್‌ಪ್ಲಿಕಾರ್-ಮೆ, ಪೊರ್ ಫವೋರ್?” ದಯವಿಟ್ಟು ನನಗೆ ವಿವರಿಸಬಹುದಾ ಅಂತ ಅರ್ಥ. ಇಲ್ಲಿ ‘ಪೊದೀಯಾ’ ಅನ್ನೋದು ವ್ಯಾಕರಣದ ಪ್ರಕಾರ ಭೂತಕಾಲದ ರೂಪ. ಈಗಿನ ಕೆಲಸವನ್ನು ಭೂತಕಾಲದಲ್ಲಿ ಕೇಳಿದರೆ ಮಾತಿನ ಬಿಸಿ ಕಮ್ಮಿಯಾಗುತ್ತದೆ. ಬ್ರೆಜಿಲ್ಲಿನಲ್ಲಿ ಹಿರಿಯರಿಗೋ ಅಧಿಕಾರಿಗೋ “ಉ ಸೆನ್ಯೋರ್ ಪೊದೆರೀಯಾ ಮೆ ಎಸ್‌ಪ್ಲಿಕಾರ್?” ಅನ್ನುತ್ತಾರೆ. ಎದುರಿಗಿರೋರು ಹೆಂಗಸಾದರೆ “ಆ ಸೆನ್ಯೋರಾ.”

ಒಂದು ಪದ ಹಿಡಿದು ಕೇಳಬೇಕೆಂದರೆ, ಆ ಪದ ಹೇಳಿ “ಉ ಕೆ ಕೇರ್ ದಿಜೇರ್?” ಅನ್ನಿ. ಅಕ್ಷರಶಃ “ಇದು ಏನು ಹೇಳಬಯಸುತ್ತದೆ?” ಅಂತ. ನಮ್ಮ “ಹಂಗಂದ್ರ ಏನ್ರಿ?”ಗೆ ಅದು ಜೋಡಿ.

ಕೊನೆಗೆ ಧನ್ಯವಾದ. ಗಂಡಸು “ಒಬ್ರಿಗಾದು” ಅನ್ನುತ್ತಾನೆ, ಹೆಂಗಸು “ಒಬ್ರಿಗಾದಾ.” ಮೂಲದ ಅರ್ಥ: “ನಾನು ಋಣಕ್ಕೆ ಬಿದ್ದೆ.” ಈ ಋಣದ ವಿಷಯಕ್ಕೆ ಮತ್ತೆ ಬರೋಣ.

ನೀನು, ನೀವು, ತಾವು

ಎದುರಿಗಿರೋರನ್ನು ಕರೆಯೋಕೆ ಪೋರ್ಚುಗೀಸಿನಲ್ಲೂ ಮೂರು ಮೆಟ್ಟಿಲು: ‘ತು’, ‘ವೊಸೆ’, ‘ಉ ಸೆನ್ಯೋರ್.’ ನಡುವಿನ ‘ವೊಸೆ’ ಹಿಂದೆ ‘ವೊಸ್ಸಾ ಮೆರ್ಸೆ’ ಆಗಿತ್ತು, ಅಂದರೆ “ತಮ್ಮ ಕೃಪೆ.” ಬಾಯಿಂದ ಬಾಯಿಗೆ ಸವೆದು ಸವೆದು ಬ್ರೆಜಿಲ್ಲಿನಲ್ಲಿ ಇವತ್ತು ಅದು ಸುಮ್ಮನೆ “ನೀನು” ಆಗಿದೆ. ಕೃಪೆ ಹೋಯ್ತು, ಮನುಷ್ಯ ಉಳಿದ. ಪೋರ್ಚುಗಲ್ಲಿನಲ್ಲಿ ಅದೇ ಪದವನ್ನು ಮುಖಕ್ಕೆ ಹೇಳಿದರೆ ಎಷ್ಟೋ ಜನಕ್ಕೆ ಒರಟು ಅನ್ನಿಸುತ್ತದೆ. ಹಾಗಾಗಿ ಸರ್ವನಾಮವನ್ನೇ ಬಿಟ್ಟು ಕ್ರಿಯಾಪದದಲ್ಲೇ ಮರ್ಯಾದೆ ತೋರಿಸುತ್ತಾರೆ.

ಬಳ್ಳಾರಿಯವರಿಗೆ ಇದು ಹೊಸದೇನಲ್ಲ. ನಾವೂ “ನೀವು” ಅನ್ನದೆ “ಹೇಳ್ರಿ” ಅಂತೀವಿ, ಮರ್ಯಾದೆಯೆಲ್ಲ ಆ ‘ರಿ’ಯಲ್ಲಿ ಇರುತ್ತದೆ. ತೆಲುಗಿನವರು ‘ಅಂಡಿ’ ಹಚ್ಚಿ “ಚೆಪ್ಪಂಡಿ” ಅಂತಾರೆ. ದಖನಿ ಮಾತಾಡೋರು “ಜರಾ ಸಮ್ಜಾಕೋ ಬೋಲೋ ಜಿ” ಅಂತಾರೆ. ಒಂದೇ ಬೀದಿಯಲ್ಲಿ ಮೂರು ಭಾಷೆಯಲ್ಲಿ ವಿವರಣೆ ಕೇಳೋ ಊರು ನಮ್ಮದು. ಅವರು ಭೂತಕಾಲದಿಂದ ತರೋ ಮೆದುತನವನ್ನು ನಾವು ‘ಸ್ವಲ್ಪ’ ಅನ್ನೋ ಒಂದೇ ಪದದಿಂದ ತರುತ್ತೇವೆ.

ಇನ್ನೂ ಒಂದು ಹೋಲಿಕೆ ನನಗೆ ಬಹಳ ಹಿಡಿಸಿತು. ‘ಎಸ್‌ಪ್ಲಿಕಾರ್’ ಲ್ಯಾಟಿನ್ನಿನಿಂದ ಬಂದ ಪದ, ಮೂಲ ಅರ್ಥ ಮಡಿಕೆ ಬಿಚ್ಚೋದು. ನಾವು ‘ಬಿಡಿಸಿ ಹೇಳು’ ಅನ್ನೋದೂ ಅದನ್ನೇ. ಎರಡೂ ಭಾಷೆಗೆ ಗೊತ್ತು: ವಿವರಣೆ ಅಂದರೆ ಹೊಸದಾಗಿ ಏನೋ ಕೊಡೋದಲ್ಲ, ಇರೋದನ್ನು ಬಿಚ್ಚಿ ಕೇಳೋರ ಮುಂದೆ ಹರಡೋದು.

ಕೆರೆ ಯಾಕೆ ಒಡೀತು?

ವಿವರಣೆ ತಪ್ಪಾದರೆ ಏನಾಗುತ್ತದೆ ಅನ್ನೋದಕ್ಕೆ ಆ ಇಬ್ಬರು ಪೋರ್ಚುಗೀಸರ ಬರಹದಲ್ಲೇ ಒಂದು ಪ್ರಸಂಗ ಇದೆ. ಕೃಷ್ಣದೇವರಾಯ ದೊಡ್ಡ ಕೆರೆಯೊಂದನ್ನು ಕಟ್ಟಿಸುತ್ತಿದ್ದ. ಸಾವಿರಾರು ಜನ ಇರುವೆಗಳ ಹಾಗೆ ದುಡಿಯುತ್ತಿದ್ದರು ಅಂತ ಪಾಯಿಸ್ ಬರೆಯುತ್ತಾನೆ. ಆ ಕೆಲಸಕ್ಕೆ ಜುವಾವ್ ದೆಲಾ ಪೋಂತೆ ಅನ್ನೋ ಪೋರ್ಚುಗೀಸ್ ಕಲ್ಲುಕೆಲಸದವನೂ ಬಂದಿದ್ದ. ಕಟ್ಟೆಗೆ ಸುಣ್ಣ ಬೇಕು ಅಂತ ಅವನು ಕೇಳಿದಾಗ ರಾಜ ನಕ್ಕನಂತೆ, ಇದು ನೂನಿಜ್ ಕೊಡೋ ಮಾಹಿತಿ. ಕಟ್ಟೆ ನಿಲ್ಲಲಿಲ್ಲ. ಯಾಕೆ ಅಂತ ರಾಜ ಕೇಳಿದ. ದೇವರಿಗೆ ಸಮಾಧಾನವಿಲ್ಲ, ರಕ್ತ ಬೇಕು ಅನ್ನೋ ಉತ್ತರ ಬಂತು. 60 ಜನರ ತಲೆ ಕಡಿಸಿದ ಅಂತ ಪಾಯಿಸ್ ಬರೆದಿದ್ದಾನೆ.

ಪರದೇಶದ ಪ್ರಯಾಣಿಕರು ಕೊಟ್ಟ ಪ್ರತಿ ಅಂಕಿಯನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಪ್ರಸಂಗದ ಒಳಗಿನ ವರಸೆ ನಮಗೆ ಚೆನ್ನಾಗಿ ಗೊತ್ತಿರೋದೇ. ಕೆಲಸ ಬಲ್ಲವನ ಮಾತಿಗೆ ನಗೋದು. ಕೆಟ್ಟ ಮೇಲೆ ಯಾಕೆ ಅಂತ ಕೇಳೋದು. ಯಾರೂ ಪರೀಕ್ಷಿಸಲಾಗದ ಉತ್ತರ ಬರೋದು. ಅದರ ಬೆಲೆಯನ್ನು ಉತ್ತರ ಕೊಟ್ಟವರಲ್ಲ, ಬೇರೆಯವರು ತೆರೋದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯಕ್ಕಿರೋದು 33 ಗೇಟು. ತುಂಬಿದ್ದ ನೀರಿನಲ್ಲಿ ಹತ್ತಾರು ಟಿಎಂಸಿ ಹೊರಗೆ ಹೋಯಿತು. ತಜ್ಞರು, ಕಾರ್ಮಿಕರು ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಅವರ ಕೆಲಸ ದೊಡ್ಡದು. ಆದರೆ ಸಿರುಗುಪ್ಪ, ಕುರುಗೋಡು ಕಡೆ ಕಾಲುವೆ ನೀರನ್ನೇ ನಂಬಿ ಭತ್ತ ಹಚ್ಚೋ ರೈತನ ಪ್ರಶ್ನೆ ಅಲ್ಲಿಗೆ ಮುಗಿಯಲ್ಲ. ಆ ಚೈನನ್ನು ಕೊನೆಯ ಸಲ ಯಾರು, ಯಾವಾಗ ಪರೀಕ್ಷೆ ಮಾಡಿದರು? ವರದಿಯಲ್ಲಿ ಏನು ಬರೆದರು? ಆ ವರದಿ ಯಾರ ಮೇಜಿನ ಮೇಲೆ ಎಷ್ಟು ದಿನ ಇತ್ತು? ಇದು ಯಾರನ್ನೋ ಬೈಯೋ ಪ್ರಶ್ನೆಯಲ್ಲ, ಬಿಡಿಸಿ ಹೇಳಿ ಅನ್ನೋ ಪ್ರಶ್ನೆ. “ಹಳೇ ಡ್ಯಾಮು, ಏನ್ ಮಾಡೋಕಾಗುತ್ತೆ” ಅನ್ನೋದು ಅದಕ್ಕೆ ಉತ್ತರ ಅಲ್ಲ.

ಅರ್ಜಿಯಲ್ಲಿ ಬಗ್ಗೋ ನಮ್ಮ ಬೆನ್ನು

ನಮ್ಮ ಅರ್ಜಿಗಳ ಭಾಷೆ ನೋಡಿ. “ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...” “ಕೃಪೆ ಮಾಡಿ...” “ಇಂತಿ ತಮ್ಮ ವಿಧೇಯ.” ಕೇಳೋದು ನಮ್ಮದೇ ಹೊಲದ ಪಹಣಿ ತಿದ್ದುಪಡಿ ಯಾಕೆ ನಿಂತಿದೆ ಅಂತ, ಆದರೆ ಓದಿದರೆ ದಾನ ಕೇಳಿದ ಹಾಗಿರುತ್ತದೆ. ಪೋರ್ಚುಗೀಸ್ ಅರ್ಜಿಗಳಿಗೂ ಇಂಥದ್ದೇ ಹಳೆಯ ಮುಗಿತಾಯ ಇದೆ: “ಪೆದೆ ದೆಫೆರಿಮೆಂತು”, ಅಂದರೆ “ಮನ್ನಿಸಬೇಕೆಂದು ಬೇಡುತ್ತೇನೆ.” ರಾಜರ ಕಾಲ ಹೋದರೂ ಕಾಗದದ ಮೇಲೆ ರಾಜ ಕೂತೇ ಇರುತ್ತಾನೆ.

ಸಿರುಗುಪ್ಪ ಕಡೆಯ ನನ್ನ ಸೋದರಮಾವನ ಜೊತೆ ಒಮ್ಮೆ ಒಂದು ಕಚೇರಿಗೆ ಹೋಗಿದ್ದೆ. ಅವರ ಕೈಯಲ್ಲಿ “ನಿಯಮಾನುಸಾರ ತಿರಸ್ಕರಿಸಲಾಗಿದೆ” ಅನ್ನೋ ಒಂದು ಸಾಲಿನ ಪತ್ರ. ಮಾವ ಕೇಳಿದ್ದು ಇಷ್ಟೇ: “ಯಾವ ನಿಯಮ ಅಂತ ಸ್ವಲ್ಪ ಹೇಳ್ರಿ ಸಾರ್.” ಬಂದ ಉತ್ತರ: “ಮ್ಯಾಲಿನ ಆರ್ಡರ್ ಐತಿ.” ಮಾವನ ಮಾತಿನಲ್ಲಿ ವಿನಯಕ್ಕೇನೂ ಕಮ್ಮಿ ಇರಲಿಲ್ಲ. ಆ ಪ್ರಶ್ನೆಗೆ ಬೆನ್ನೆಲುಬಾಗಿ ಕಾನೂನಿದೆ ಅನ್ನೋದು ಕೌಂಟರಿನ ಎರಡೂ ಕಡೆ ಯಾರ ಬಾಯಲ್ಲೂ ಬರಲಿಲ್ಲ.

ಅದೇ ಪೋರ್ಚುಗಲ್ಲಿನ 1976ರ ಸಂವಿಧಾನದ 268ನೇ ವಿಧಿ, ಜನರ ಹಕ್ಕು, ಹಿತಕ್ಕೆ ತಾಗೋ ಆಡಳಿತದ ತೀರ್ಮಾನಕ್ಕೆ ಸ್ಪಷ್ಟವಾದ, ಜನರಿಗೆ ಎಟುಕೋ ಕಾರಣ ಕೊಡಬೇಕು ಅನ್ನುತ್ತದೆ. ನಾಲ್ಕೈದು ದಶಕ ಸರ್ವಾಧಿಕಾರ ಕಂಡು 1974ರಲ್ಲಿ ಅದನ್ನು ಕಿತ್ತೊಗೆದ ದೇಶ ಅದು. ಬ್ರೆಜಿಲ್ಲಿನ 2011ರ ಮಾಹಿತಿ ಕಾಯ್ದೆ ಇನ್ನೂ ನೇರ: ಮಾಹಿತಿ ಸ್ಪಷ್ಟವಾಗಿರಬೇಕು, ಸುಲಭವಾಗಿ ತಿಳಿಯೋ ಭಾಷೆಯಲ್ಲಿರಬೇಕು.

ನಮ್ಮಲ್ಲೂ ಇದೆ. ಮಾಹಿತಿ ಹಕ್ಕು ಕಾಯ್ದೆ, 2005ರ ಕಲಂ 4(1)(ಡಿ) ಪ್ರಕಾರ ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣಗಳನ್ನು ಅದರಿಂದ ಬಾಧಿತರಾದವರಿಗೆ ಕೊಡೋದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ಕಲಂ 6(2) ಪ್ರಕಾರ ಮಾಹಿತಿ ಯಾಕೆ ಬೇಕು ಅಂತ ನೀವು ಹೇಳಬೇಕಿಲ್ಲ. ಕಾರಣ ಕೊಡಬೇಕಾದವರು ಅವರು, ನೀವಲ್ಲ.

ಹಾಗಾದರೆ ಹೇಗೆ ಕೇಳೋದು?

*‘ಯಾಕೆ’ ಬದಲು ‘ಯಾವ ಪುಟ’ ಕೇಳಿ.* ಮಾಹಿತಿ ಅಧಿಕಾರಿ ದಾಖಲೆಯಲ್ಲಿ ಇರೋದನ್ನು ಕೊಡಬೇಕು. ದಾಖಲೆಯಲ್ಲಿ ಇಲ್ಲದ ಅಭಿಪ್ರಾಯ, ಸಲಹೆ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಹಾಗಾಗಿ “ಎರಡನೇ ಬೆಳೆಗೆ ನೀರು ಯಾಕೆ ಬಿಡಲಿಲ್ಲ?” ಅಂತ ಬರೆದರೆ ಅರ್ಜಿ ಜಾರಿಹೋಗಬಹುದು. “ಎರಡನೇ ಬೆಳೆಗೆ ನೀರು ಬಿಡುವ ಬಗ್ಗೆ ಇಂತಿಂಥ ದಿನಾಂಕದ ನೀರಾವರಿ ಸಲಹಾ ಸಮಿತಿ ಸಭೆಯ ನಡಾವಳಿ, ಅದಕ್ಕೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ” ಅಂತ ಬರೆಯಿರಿ. ಕಾರಣ ಆ ಹಾಳೆಯಲ್ಲೇ ಇರುತ್ತದೆ. ಇಲ್ಲದಿದ್ದರೆ, ಕಾರಣ ಬರೆಯದೆ ತೀರ್ಮಾನ ಮಾಡಿದ್ದಾರೆ ಅನ್ನೋದಕ್ಕೆ ನಿಮ್ಮ ಕೈಯಲ್ಲಿ ದಾಖಲೆ ಸಿಕ್ಕ ಹಾಗೆ.

*ಚಿಕ್ಕದಾಗಿ ಬರೆಯಿರಿ.* ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಇಲ್ಲ. “ವಿಧೇಯ” ಬೇಡ, “ವಂದನೆಗಳೊಂದಿಗೆ” ಸಾಕು.

*ಬರೆಯೋಕೆ ಬರದಿದ್ದರೆ.* ಬಾಯಲ್ಲಿ ಹೇಳಿದ್ದನ್ನು ಬರಹಕ್ಕೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು ಅಂತ ಕಲಂ 6(1) ಹೇಳುತ್ತದೆ. ನಿಮ್ಮ ಅಜ್ಜಿ ಬಂದು “ನನ್ ಪಿಂಚಣಿ ಯಾಕ ನಿಂತೈತಿ, ಆ ಹಾಳಿ ತೋರಸ್ರಿ” ಅಂದರೆ ಅದೂ ಅರ್ಜಿಯೇ.

*ಯಾವ ಕಚೇರಿ ಅಂತ ಗೊತ್ತಿಲ್ಲದಿದ್ದರೆ.* ತುಂಗಭದ್ರೆಯಂಥ ವಿಷಯದಲ್ಲಿ ಮಂಡಳಿ ಬೇರೆ, ನೀರಾವರಿ ನಿಗಮ ಬೇರೆ, ಕಂದಾಯ ಇಲಾಖೆ ಬೇರೆ. ಆದರೆ “ಇದು ನಮ್ಮದಲ್ಲ” ಅಂತ ವಾಪಸ್ ಕಳಿಸೋ ಹಾಗಿಲ್ಲ. ಸಂಬಂಧಪಟ್ಟ ಪ್ರಾಧಿಕಾರಕ್ಕೆ 5 ದಿನದೊಳಗೆ ವರ್ಗಾಯಿಸಬೇಕು, ಕಲಂ 6(3).

*ಉತ್ತರ ಬರದಿದ್ದರೆ.* ಗಡುವು 30 ದಿನ. ಜೀವ, ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. ಇಲ್ಲ ಅಂದರೆ ಯಾಕೆ ಇಲ್ಲ, ಯಾರಿಗೆ ಮೇಲ್ಮನವಿ ಸಲ್ಲಿಸಬೇಕು ಅನ್ನೋದನ್ನೂ ಬರೆದು ಕೊಡಬೇಕು. ಮೊದಲ ಮೇಲ್ಮನವಿಗೆ 30 ದಿನ, ಆಯೋಗಕ್ಕೆ ಎರಡನೇ ಮೇಲ್ಮನವಿಗೆ 90 ದಿನ.

*ಗಣಿ, ಕಾರ್ಖಾನೆ ಬಂದಾಗ.* ಬಳ್ಳಾರಿಯ ಯುವಕರು ಬಾಯಿಪಾಠ ಮಾಡಬೇಕಾದ ಕಾಗದ ಒಂದಿದೆ, 2006ರ ಪರಿಸರ ಪರಿಣಾಮ ಅಧ್ಯಯನ ಅಧಿಸೂಚನೆ. ಅದರಂತೆ ಸಾರ್ವಜನಿಕ ಆಲಿಕೆ ಸಭೆಯಲ್ಲಿ ಹಾಜರಿದ್ದ ಯಾರು ಬೇಕಾದರೂ ಯೋಜನೆಯವರಿಂದ ಮಾಹಿತಿ, ಸ್ಪಷ್ಟೀಕರಣ ಕೇಳಬಹುದು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಸಭೆ ಮುಗಿಯೋ ಮುಂಚೆ ನಡಾವಳಿಯನ್ನು ಜನರ ಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು. ಓದದೆ ಎದ್ದು ಹೊರಟರೆ “ಸಾರ್, ನಡಾವಳಿ ಕನ್ನಡದಾಗ ಓದಿ ಹೇಳ್ರಿ” ಅಂತ ಒಬ್ಬರಾದರೂ ಎದ್ದು ನಿಲ್ಲಬೇಕು.

ಇದರ ಅಗತ್ಯ ಏನು ಅಂತ ಕುಡುತಿನಿ ಸುತ್ತಲಿನ ಹಳ್ಳಿಗಳವರನ್ನು ಕೇಳಿ. ಉಕ್ಕಿನ ಕಾರ್ಖಾನೆಗಳಿಗೆಂದು ಅಲ್ಲಿ ಸಾವಿರಾರು ಎಕರೆ ಸ್ವಾಧೀನವಾಗಿ ಒಂದು ದಶಕ ದಾಟಿದ ಮೇಲೂ ಹೇಳಿದ ಕೆಲಸ, ಹೇಳಿದ ಬೆಲೆ ಎಲ್ಲಿ ಅಂತ ಕೇಳುತ್ತಾ ರೈತರು 2022ರ ಕೊನೆಯಿಂದ ದೀರ್ಘ ಧರಣಿ ಕೂತರು. ಧರಣಿ ಅಂದರೂ ಅದೇ ವಾಕ್ಯ: ಬಿಡಿಸಿ ಹೇಳ್ರಿ. ಕಾಗದದ ಮೇಲೆ ಕೇಳಿದಾಗ ಉತ್ತರ ಸಿಕ್ಕಿದ್ದರೆ ಬಿಸಿಲಲ್ಲಿ ಕೂತು ಕೇಳೋ ಸ್ಥಿತಿ ಬರುತ್ತಿರಲಿಲ್ಲ.

ಯಾವ ಭಾಷೆಯಲ್ಲಿ?

ಅಹವಾಲನ್ನು ಕನ್ನಡದಲ್ಲೇ ಕೊಡಬಹುದು. ಸಂವಿಧಾನದ 350ನೇ ವಿಧಿ ಪ್ರಕಾರ, ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಯಾರು ಬೇಕಾದರೂ ಅಹವಾಲು ಸಲ್ಲಿಸಬಹುದು. ಕೇಂದ್ರದ ಕಚೇರಿಗೂ ಅಷ್ಟೇ. ಮಾಹಿತಿ ಅರ್ಜಿಯನ್ನು ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬಹುದು, ಮಾಹಿತಿ ಪ್ರಚುರಪಡಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಅಂತ 2005ರ ಕಾಯ್ದೆಯೂ ಹೇಳುತ್ತದೆ.

ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಆ ಹೋರಾಟದಲ್ಲಿ ರಂಜಾನ್ ಸಾಬ್ ಜೀವ ಕೊಟ್ಟರು. ಗಡಿಯ ಈಚೆ ಬಂದದ್ದಕ್ಕೆ ಅರ್ಥ ಬರೋದು ಬೋರ್ಡಿನ ಮೇಲೆ ಕನ್ನಡ ಕಂಡಾಗಲ್ಲ, ಕಚೇರಿಯ ಕಾರಣ ಕನ್ನಡದಲ್ಲಿ ಸಿಕ್ಕಾಗ. ಮನೆಯಲ್ಲಿ ತೆಲುಗೋ ದಖನಿಯೋ ಲಂಬಾಣಿಯೋ ಆಡೋ ನೆರೆಯವರಿಗೂ ಅದು ತಿಳಿಯೋ ಹಾಗೆ ಸಿಕ್ಕಾಗ.

ಪೋರ್ಚುಗೀಸರ ಧನ್ಯವಾದ “ಋಣಕ್ಕೆ ಬಿದ್ದೆ” ಅನ್ನುತ್ತದೆ ಅಂದೆನಲ್ಲ. ಪಾಠ ಬಿಡಿಸಿ ಹೇಳಿದ ಗೆಳೆಯನಿಗೆ, ದಾರಿ ತೋರಿಸಿದ ಅಪರಿಚಿತರಿಗೆ ಅದು ಒಪ್ಪೋ ಮಾತು. ಪಗಾರ ತಗೊಂಡು ಕಡತ ತೋರಿಸೋರಿಗೆ ಒಂದು ನಗು, ಒಂದು ಥ್ಯಾಂಕ್ಸ್ ಸಾಕು. ಅಲ್ಲಿ ಋಣ ಇರೋದು ಅವರ ಕಡೆ. ಮುಂದಿನ ಸಲ ಕೌಂಟರಿನ ಮುಂದೆ ನಿಂತಾಗ ‘ರಿ’ ಬಿಡಬೇಡಿ, ‘ಸ್ವಲ್ಪ’ವನ್ನೂ ಬಿಡಬೇಡಿ. ಪ್ರಶ್ನೆಯನ್ನಂತೂ ಬಿಡಲೇಬೇಡಿ: “ಯಾವ ನಿಯಮ, ಯಾವ ದಿನಾಂಕ, ಯಾರ ಸಹಿ? ಸ್ವಲ್ಪ ಬಿಡಿಸಿ ಹೇಳ್ರಿ, ಬರೆದೂ ಕೊಡ್ರಿ.”